ಕೆಂಪು ಬಸ್ಸಿನ ಟಿಕೀಟು

ಹೊಳೆ ದಂಡೆಯ ಆಶ್ರಮದಲ್ಲಿ ಗುರುಸಿದ್ಧವ್ವ ಅಂತ ಒಬ್ಬ ತಾಯಿ ಇದ್ದರು. ಸುತ್ತಿನ ಹಳ್ಳಿಯವರಿಗೆಲ್ಲ ಅವರು ಅವ್ವಾರು. ಅವರು ಉಪದೇಶ ಗಿಪದೇಶ ಮಾಡಿದ್ದನ್ನು ಕಂಡವರು ಯಾರೂ ಇಲ್ಲ. ಹಳೆ ಸೀರೆ, ಹಳೆ ಧೋತರ ಜೋಡಿಸಿ ಕೌದಿ ಹೊಲಿಯುತ್ತ ಕೂತಿರುತ್ತಿದ್ದರು. ಏನಾದರೂ ಕೇಳಬೇಕೆಂದವರು ಎದುರಿಗೆ ಕೂತು ಕೇಳಬೇಕು, ಕೂತವರ ಕೈಗೆ ಒಂದು ಸೂಜಿ ಬರುವುದಂತೂ ಖಂಡಿತ.

ಫಕ್ಕೀರೇಶ ಅವರ ಶಿಷ್ಯ. ವಾರದ ಆರು ದಿನ ಪೇಟೆಯ ಗ್ಯಾರೇಜಿನಲ್ಲಿ ಬಸ್ಸಿಗೆ ಬಾಡಿ ಕಟ್ಟುವನು, ರವಿವಾರ ಬಂದು ಅವ್ವಾರ ಎದುರು ಕೂಡುವನು. ಆರು ವರ್ಷದಿಂದ ಒಂದು ರವಿವಾರವೂ ತಪ್ಪಿಸಿರಲಿಲ್ಲ. ಆಮೇಲೆ ಒಮ್ಮೆಲೇ ಮೂರು ವಾರ ಪತ್ತೆಯಿಲ್ಲ.

ನಾಲ್ಕನೆಯ ವಾರ ಬಂದಾಗ ಮುಖ ಹುಳಿ ಮಜ್ಜಿಗೆ ಕುಡಿದವನ ಹಾಗಿತ್ತು.

"ಏನಪಾ, ಮಾರಿ ಯಾಕ ಹಿಂಗ ಮಾಡ್ಕೊಂಡ ಬಂದಿ?" ಅಂದರು ಅವ್ವಾರು.

"ಒಂದ ಮಾತ ಕೇಳೂದಿತ್ರಿ, ಅವ್ವಾರ."

"ಕೇಳಪಾ. ಕೇಳಾಕೇನು ಪಂಚಾಂಗ ನೋಡಬೇಕೇನು?"

"ನಾ ಮಾಡಿದ್ದಕ್ಕ ರೊಕ್ಕ ತಗೋಬೇಕೋ, ಪುಕ್ಕಟ ಕೊಡಬೇಕೋ?"

"ಏನ ಮಾಡೀದಿ?"

"ಬಸ್ಸು ಮಾಡೇನ್ರಿ."

"ಅದನ್ನ ದಿನಾ ಮಾಡ್ತೀಯಲ್ಲ. ಪಗಾರ ಕೊಟ್ಟಿಲ್ಲೇನು ಮಾಲಕ?"

"ಅದು ತಗಡಿಂದ್ರಿ. ಇದು ಕಂಪ್ಯೂಟರಿನ್ಯಾಗಿಂದು."

ಅವ್ವಾರು ದಾರ ಪೋಣಿಸಿ ಒಂದು ಸೂಜಿಯನ್ನು ಅವನ ಕೈಗಿತ್ತರು. ಕೌದಿಯ ಒಂದು ಅಂಚನ್ನು ಅವನ ತೊಡೆಯ ಮೇಲೆ ಎಳೆದರು. ಫಕ್ಕೀರೇಶ ಹೊಲಿಯುತ್ತ ಹೇಳಿದ.

ಪರದೇಶದವರು ಯಾರೋ ಒಂದು ವಿಡಿಯೋ ಗೇಮ್ ಮಾಡಿದ್ದಾರೆ. ಬಸ್ಸು ಓಡಿಸುವ ಆಟ. ಅದರಲ್ಲಿ ಇದ್ದದ್ದು ಅವರೂರಿನ ಬಸ್ಸು, ಅವರೂರಿನ ರಸ್ತೆ. ಅಂಥ ಆಟದೊಳಗೆ ಆಡುವವರೇ ತಮ್ಮದೊಂದು ಹೊಸದನ್ನು ಮಾಡಿ ಕೂಡಿಸಬಹುದು. ಅದಕ್ಕೆ ಮಾಡ್ ಅನ್ನುತ್ತಾರೆ. ಫಕ್ಕೀರೇಶ ನಮ್ಮ ಕಡೆಯ ಕೆಂಪು ಬಸ್ಸು ಮಾಡಿ ಕೂಡಿಸಿದ. ಕಿಟಕಿಯ ಗಡಗಡ, ಗೇರು ಬದಲಿಸುವಾಗಿನ ನರಳಾಟ, ಹಿಂದಿನ ಸೀಟಿನ ಹರಕು ರೆಕ್ಸಿನ್, ಒಂದನ್ನೂ ಬಿಟ್ಟಿಲ್ಲ. ಎರಡು ವರ್ಷದ ಕೆಲಸ. ಅವನ ಗೆಳೆಯ ದಾವಲಸಾಬ ಆ ಬಸ್ಸು ಓಡಲಿಕ್ಕೆ ನಮ್ಮ ಕಡೆಯದೇ ರಸ್ತೆ ಮಾಡಿದ. ಜಾಲಿಗಿಡ, ಚಹಾದಂಗಡಿ, ಹೊಳೆ, ಸೇತುವೆ, ಎಲ್ಲ. ಇಬ್ಬರೂ ಪುಕ್ಕಟೆ ಕೊಟ್ಟರು. ಸಾವಿರಾರು ಮಂದಿ ಆಡಿದರು.

"ಆಟ ಪರದೇಶದವರದು," ಅಂದರು ಅವ್ವಾರು.

"ಹೌದ್ರಿ."

"ಬಸ್ಸು ನಿಂದು."

"ಹೌದ್ರಿ."

"ರಸ್ತಾ ದಾವಲಂದು."

ಫಕ್ಕೀರೇಶ ಎರಡು ಹೊಲಿಗೆ ಹಾಕಿದ. ಆಮೇಲೆ, "ಹೌದ್ರಿ" ಅಂದ.

"ಈಗೇನಾತು?"

"ನಾ ಬಸ್ಸಿಗೆ ಇಷ್ಟ ರೊಕ್ಕ ಅಂತ ಬೆಲಿ ಇಟ್ಟೆ. ಅವ ರಸ್ತಾ ತಗದಬಿಟ್ಟ. ಮಾತ ಬಿಟ್ಟಾನ. ಫೋನ್ ಎತ್ತಂಗಿಲ್ಲ. ರಸ್ತಾ ಇಲ್ಲದ ಬಸ್ಸು ತಗೊಂಡ ನಾ ಏನ ಮಾಡ್ಲಿ? ಅದಕ್ಕರೆ ಬೆಂಕಿ ಬೀಳಲಿ, ಹತ್ತ ವರ್ಷದ ಗೆಳೆಯಾರಿ ಅವ."

ಅವ್ವಾರು ದಾರ ಕಡಿದರು.

"ರೊಕ್ಕ ಯಾಕ ಇಟ್ಟಿ?"

"ಪುಕ್ಕಟ ಸಿಕ್ಕರ ನನಗೊಂದಿರಲಿ ನಮ್ಮಪ್ಪಗೊಂದಿರಲಿ ಅನ್ನೂ ಮಂದಿರಿ ಇವರು. ನನ್ನ ಹೆಸರ ಅಳಿಸಿ ತಮ್ಮ ಹೆಸರ ಹಚ್ಚಿ ಹಂಚಿದರು. ಉಂಡೂ ಹೋದರು, ಕೊಂಡೂ ಹೋದರು. ಮ್ಯಾಲೆ 'ಹೊಸಾ ಬಸ್ಸು ಯಾವಾಗ, ಇಷ್ಟ ತಡಾ ಯಾಕ' ಅಂತ ನನಗ ಬೈಗಳಾ. ದಿನಾ ಗ್ಯಾರೇಜಿನ್ಯಾಗ ಮೈ ಮುರದ ಬಂದು ಕುಂತೇನ್ರಿ ನಾ. ಕಣ್ಣ ಕೆಡಿಸಿಕೊಂಡೇನಿ. ಅದಕ್ಕ ಬೆಲಿ ಇಲ್ಲೇನು?"

ಅಷ್ಟರಲ್ಲಿ ಪಕ್ಕದ ಹಳ್ಳಿಯ ಮುದುಕಿಯೊಬ್ಬಳು ಕೌದಿ ಒಯ್ಯಲು ಬಂದಿದ್ದಳು. ಹೋದ ತಿಂಗಳು ಅವಳೇ ಹಳೆ ಸೀರೆಗಳ ಗಂಟು ತಂದುಕೊಟ್ಟಿದ್ದಳು. ಈಗ ಮಡಿಚಿಟ್ಟ ಕೌದಿಯನ್ನು ಬಿಡಿಸಿ, ಅಲ್ಲಿ ಇಲ್ಲಿ ಕೈಯಾಡಿಸಿ, "ಇದು ನನ್ನ ಮದವಿ ಸೀರಿ ನೋಡ್ರಿ" ಅಂತ ಒಂದು ಹಸಿರು ತುಂಡನ್ನು ತೋರಿಸಿದಳು. ಸೊಂಟದ ಚೀಲದಿಂದ ಹೊಲಿಗೆಯ ಕೂಲಿ ತೆಗೆದು ಕೊಟ್ಟಳು. ಅವ್ವಾರು ಬೇಡ ಅನ್ನಲಿಲ್ಲ, ಇಸಿದುಕೊಂಡು ಕಣ್ಣಿಗೊತ್ತಿಕೊಂಡು ಉಡಿಯಲ್ಲಿಟ್ಟುಕೊಂಡರು.

ಮುದುಕಿ ಅತ್ತ ಹೋದದ್ದೇ ತಡ, ಫಕ್ಕೀರೇಶ ಚುರುಕಾದ.

"ಅರಿವಿ ಆಕೀವು. ನೀವು ಬರೇ ಹೊಲದ್ರಿ. ಆದ್ರೂ ತಗೊಂಡ್ರಿ."

"ತಿಂಗಳ ದಿನ ಕುಂತೀನಿ. ಬೆನ್ನ ನಂದು ನೋಯ್ತತಿ, ಆಕೀದಲ್ಲ."

"ಅಂದ್ರ ರೊಕ್ಕ ತಗೊಳ್ಳೂದು ತಪ್ಪಲ್ಲ?"

"ತಪ್ಪಂತ ನಾ ಯಾವಾಗ ಅಂದೆ?"

ಫಕ್ಕೀರೇಶನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ದಾವಲನಿಗೆ ಹೋಗಿ ಇದನ್ನೇ ಹೇಳಬೇಕು ಅಂತ ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದ. ಅವ್ವಾರೇ ಅಂದಾರ ನೋಡಪಾ ಅನ್ನಬೇಕು. ಆ ಸಮಾಧಾನ ಒಂದು ಎಲೆ ಅಡಿಕೆ ಹಾಕುವಷ್ಟು ಹೊತ್ತೂ ಉಳಿಯಲಿಲ್ಲ.

ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಬಂದು ಬಾಗಿಲಲ್ಲಿ ನಿಂತಳು. ಅತ್ತೆ ಮನೆಯಲ್ಲಿ ಕೌದಿ ಹೊಲಿಯಲು ಹೇಳಿದ್ದಾರೆ, ನಡುವಿನ ಚೌಕ ಕೂಡಿಸುವುದು ತಿಳಿಯುತ್ತಿಲ್ಲ, ಅವ್ವಾರ ಕೈಯಲ್ಲಿ ಅದು ಸುಕ್ಕೇ ಬೀಳುವುದಿಲ್ಲವಂತೆ, ಹೇಗೆ ಅಂತ ಕೇಳಿದಳು.

ಅವ್ವಾರು ಕೌದಿಯನ್ನು ಬೋರಲು ಹಾಕಿ ಹಿಂಬದಿ ತೋರಿಸಿದರು. ಎಲ್ಲಿಂದ ಶುರು ಮಾಡಬೇಕು, ಎಲ್ಲಿ ದಾರ ಸಡಿಲ ಬಿಡಬೇಕು, ಎಲ್ಲ ಹೇಳಿದರು. ತಮ್ಮ ಕೈ ಎಲ್ಲಿ ತಪ್ಪಿದೆ ಅನ್ನುವುದನ್ನೂ ಮುಚ್ಚಲಿಲ್ಲ. ಅವಳು ಎರಡು ಸಲ ಕೇಳಿದಳು, ಇವರು ಮೂರು ಸಲ ಹೇಳಿದರು. ಹೋಗುವಾಗ ಅವಳು ಸೆರಗಿನ ಗಂಟಿಗೆ ಕೈ ಹಾಕಿದರೆ, "ಅದನ್ನ ಬಿಚ್ಚಬ್ಯಾಡ, ಹೋಗ ತಂಗಿ" ಅಂದರು.

ಫಕ್ಕೀರೇಶನಿಗೆ ಸಿಟ್ಟು ಬಂತು. ಗುರುಗಳ ಮೇಲೆ ಸಿಟ್ಟಾಗಬಾರದು ಅಂತ ಗೊತ್ತು, ಆದರೂ ಬಂತು.

"ಇದೇನ್ರಿ ಅವ್ವಾರ? ಆಕಿ ಕಡೆ ತಗೊಂಡ್ರಿ, ಈಕಿ ಕಡೆ ಬಿಟ್ರಿ. ನಿಮ್ಮ ಕೈಚಳಕ ಎಲ್ಲಾ ಬಿಚ್ಚಿ ಕೊಟ್ರಿ. ನಾಳೆ ಈಕಿ ಅದನ್ನ ಹೊಲದು ನಾಕ ಮಂದಿ ಕಡೆ ರೊಕ್ಕ ತಗೋತಾಳ."

"ತಗೋಳ್ಳಿ. ಬೆನ್ನ ಬಾಗಸಾಕಿ ಆಕಿ."

"ನಿಮ್ಮದಲ್ಲೇನ್ರಿ ಅದು?"

"ನನಗ ನಮ್ಮವ್ವ ಕಲಿಸಿದ್ಲು. ಆಕಿಗೆ ಆಕಿ ಅತ್ತಿ. ಅವರಿಗ್ಯಾರೂ ನಾ ರೊಕ್ಕ ಕೊಟ್ಟಿಲ್ಲಪಾ."

ಫಕ್ಕೀರೇಶ ಯೋಚಿಸಿದ. ಲೆಕ್ಕದ ಹುಡುಗ ಅವನು, ಅಳತೆ ಸಿಕ್ಕರೆ ಸಮಾಧಾನ.

"ಅಂದ್ರ ಹೊಲಿಗಿಗೆ ರೊಕ್ಕ, ಕಲಿಸೂದಕ್ಕ ಪುಕ್ಕಟ. ಇಷ್ಟ ಅಲ್ಲೇನ್ರಿ?"

"ಹಂಗ ಗೋಡಿ ಮ್ಯಾಲೆ ಬರಸಬ್ಯಾಡ. ನಾಳೆ ಒಬ್ಬಾಕಿ ಬರಿಗೈಲೆ ಬಂದು ಚಳಿ ಅಂದ್ರ ಕೌದಿನೂ ಪುಕ್ಕಟ ಕೊಡತೇನಿ. ಆಮ್ಯಾಲ ನಿನ್ನ ಗೋಡಿ ಕೆಡವಬೇಕಾಗ್ತದ."

ಅವನು ತಲೆ ಬಗ್ಗಿಸಿ ಹೊಲಿದ. ಅವರಿಬ್ಬರ ನಡುವಿನ ಕೌದಿ ಮುಗಿಯುತ್ತ ಬಂದಿತ್ತು. ಮೂರು ಅಂಚು ಮುಚ್ಚಿ ನಾಲ್ಕನೆಯದರಲ್ಲಿ ಗೇಣುದ್ದ ಬಾಯಿ ಉಳಿದಿತ್ತು.

ಅದನ್ನು ಮುಚ್ಚುವ ಮೊದಲು ಅವ್ವಾರ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಸೂಜಿಗಳನ್ನೆಲ್ಲ ಒಂದು ಬಟ್ಟೆಗೆ ಚುಚ್ಚಿ ಎಣಿಸಬೇಕು. ಒಂಬತ್ತು ಇರಬೇಕು. ಒಂದು ಕಡಿಮೆ ಬಂತೋ, ತಿಂಗಳ ಹೊಲಿಗೆಯಾದರೂ ಸರಿ, ಬಿಚ್ಚಿ ಹುಡುಕಬೇಕು. ಫಕ್ಕೀರೇಶ ಶಿಷ್ಯನಾದ ಮೊದಲ ವರ್ಷ ಹಾಗೆ ಎರಡು ಸಲ ಬಿಚ್ಚಿಸಿಕೊಂಡಿದ್ದ, ಒಂದು ಸಲವಂತೂ ಅಳುವುದೊಂದು ಬಾಕಿ.

ಅವನು ಎಣಿಸಿದ. "ಒಂಬತ್ತ ಅದಾವ್ರಿ."

ಅವ್ವಾರು ಒಂದು ಸೂಜಿಯನ್ನು ಕಿತ್ತು ಅವನ ಅಂಗೈಯಲ್ಲಿಟ್ಟರು.

"ಇದನ್ನ ಒಳಗ ಹಾಕು. ಹಾಕಿ ಬಾಯಿ ಹೊಲಿ."

"ಒಳಗರಿ?"

"ಹೂಂ. ಮನ್ನೆ ಹೊರಗ ಹಾಸಿದ್ದ ಒಂದ ಕೌದಿ ಯಾರೋ ಹೊತಗೊಂಡ ಹೋಗ್ಯಾರ. ಇದನ್ನೂ ಕದ್ದರು ಅಂದ್ರ ಕಳ್ಳಗ ಗೊತ್ತಾಗಲಿ."

ಫಕ್ಕೀರೇಶ ಅವರ ಮುಖ ನೋಡಿದ. ತಮಾಷೆಯ ಸುಳಿವೇ ಇರಲಿಲ್ಲ. ಅವನು ಸೂಜಿಯನ್ನು ಕೌದಿಯ ಬಾಯಿಯವರೆಗೆ ಒಯ್ದ, ಕೈ ಅಲ್ಲೇ ನಿಂತಿತು.

"ಆಗಂಗಿಲ್ರಿ, ಅವ್ವಾರ."

"ಯಾಕ?"

"ಕದ್ದವನೇ ಹೊಚ್ಚಗೋತಾನಂತ ಏನ ಗ್ಯಾರಂಟಿರಿ? ಅವನ ಕೂಸಿಗೆ ಹೊಚ್ಚಿದ್ರ? ಕದೀಲಾರದ ಕೊಂಡವರಿಗೇ ಚುಚ್ಚಿದ್ರ? ಸೂಜಿಗೇನ ಗೊತ್ತು ಯಾರ ಕಳ್ಳ ಯಾರ ಸಾವಕಾರ ಅಂತ?"

"ಅದೂ ಖರೇ," ಅಂದರು ಅವ್ವಾರು. "ಹಂಗಾರ ನೀ ಎಲ್ಲೂ ಹಂಗ ಹಾಕಿಲ್ಲ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಫಕ್ಕೀರೇಶನ ಕಿವಿ ಕೆಂಪಾದವು. ಅವನು ಸೂಜಿಯನ್ನು ಬಟ್ಟೆಗೆ ಚುಚ್ಚಿ, ಕೈ ಎರಡೂ ತೊಡೆಯ ಮೇಲಿಟ್ಟುಕೊಂಡ.

"ಹಾಕೇನ್ರಿ," ಅಂದ.

"ಎಲ್ಲಿ?" ಅಂದರು ಅವ್ವಾರು.

"ಬಸ್ಸಿನ್ಯಾಗ ಹಾಕೇನಿ. ರೊಕ್ಕ ಕೊಟ್ಟವರಿಗೆ ಒಂದ ನಂಬರ ಕಳಸ್ತಿದ್ದೆ. ಆ ನಂಬರ ಇಲ್ಲದ ಓಡಿಸಿದ್ರ ಸೇತುವಿಮಟ ಬಸ್ಸು ಚಂದಾಗಿ ಹೋಗ್ತದ. ಸೇತುವಿ ಮ್ಯಾಲೆ ತಾನ ಹೊಳ್ಳಿ ಹೊಳಿಗೆ ಬೀಳ್ತದ. ಬಿದ್ದ ಮ್ಯಾಲೆ ದೊಡ್ಡ ಅಕ್ಷರದಾಗ ಬರ್ತದ, 'ಕಳ್ಳಾ, ಟಿಕೀಟ್ ತಗೊಂಡ ಹತ್ತು' ಅಂತ."

"ಚಲೋ ಅನಿಸ್ತೇನು ಬರೀವಾಗ?"

"ಅನಿಸ್ತ್ರಿ. ಸುಳ್ಳ ಯಾಕ ಹೇಳ್ಲಿ, ಬರದು ಒಬ್ಬನ ಕುಂತ ನಕ್ಕೆ."

"ಯಾರ ಬಿದ್ರು?"

ಫಕ್ಕೀರೇಶ ಬಾಗಿಲಾಚೆ ನೋಡಿದ. ಹೊಳೆಯ ಕಡೆ ಯಾರೋ ಅರಿವೆ ಒಗೆಯುವ ಸಪ್ಪಳ ಕೇಳುತ್ತಿತ್ತು.

"ದಾವಲ ಬಿದ್ದಾನ್ರಿ."

"ಅವಗ ನಂಬರ ಕೊಟ್ಟಿರಲಿಲ್ಲೇನು?"

"ಕೇಳ್ತಾನ, ಆಗ ಕೊಟ್ಟರಾತು ಅಂತ ನಾ ಸುಮ್ಮನಿದ್ದೆ. ಗೆಳೆಯಾಂದ ಬಸ್ಸು, ಯಾಕ ಕೇಳಬೇಕಂತ ಅವ ಸುಮ್ಮನಿದ್ದ. ಎಲ್ಲಾರೂ ಹಂಚಕೊಂಡಿದ್ದನ್ನ ತಾನೂ ತಗೊಂಡಾನ. ಅವರಕ್ಕನ ಮನ್ಯಾಗ ಮಂದಿ ಕೂಡಿದ್ರಂತ. ಅಕ್ಕನ ಮಕ್ಕಳು, ಮಾವ, ಬಾಜೂ ಮನಿಯವರು. ಬರ್ರಿ, ನನ್ನ ರಸ್ತಾದ ಮ್ಯಾಲೆ ನಮ್ಮ ಫಕ್ಕೀರೇಶನ ಬಸ್ಸು ನೋಡ್ರಿ ಅಂತ ಎಲ್ಲಾರ್ನೂ ಕುಂಡ್ರಿಸಿ ದೊಡ್ಡ ಟಿವಿಗೆ ಹಚ್ಚಿ ಓಡಸ್ಯಾನ."

ಉಳಿದದ್ದನ್ನು ಹೇಳಬೇಕಾಗಿರಲಿಲ್ಲ. ಆದರೂ ಅವನು ಹೇಳಿದ. ಹೇಳದಿದ್ದರೆ ಗಂಟಲಲ್ಲೇ ಉಳಿಯುತ್ತಿತ್ತು.

"ಅಷ್ಟೂ ಮಂದಿ ಮುಂದ ಟಿವಿ ತುಂಬ ಕಳ್ಳಾ ಅಂತ ಬಂತಂತ್ರಿ. ಅವರ ಮಾವ ಜೋರಾಗಿ ಓದಿದನಂತ. ಅವತ್ತ ಸಂಜೀಕ ರಸ್ತಾ ತಗದಾನ. ನನಗ ಒಂದ ಸಾಲ ಬರದ ಕಳಿಸ್ಯಾನ. 'ನಿನ್ನ ಬಸ್ಸಿನ್ಯಾಗ ನನಗ ಟಿಕೀಟ್ ಬೇಕಂತ ಗೊತ್ತಿರಲಿಲ್ಲೋ' ಅಂತ. ಅಷ್ಟ. ಅದಕ್ಕ ಏನ ಬರೀಬೇಕಂತ ತಿಳೀಲಿಲ್ಲ. ಬರದು ಬರದು ಅಳಿಸೇನಿ. ಮೂರ ವಾರ ಆತು."

ಇದನ್ನೆಲ್ಲ ಹೇಳಿ ಅವನು ಅತ್ತ. ದೊಡ್ಡ ಗಂಡಸು, ದಿನಾ ಸುತ್ತಿಗೆ ಹಿಡಿಯುವವನು, ಕೌದಿಯ ಅಂಚಿನಲ್ಲಿ ಮೂಗೊರೆಸಿಕೊಂಡು ಅತ್ತ. ಅವ್ವಾರು ಅಳಬೇಡ ಅನ್ನಲೂ ಇಲ್ಲ, ಅಳು ಅನ್ನಲೂ ಇಲ್ಲ. ಉಳಿದ ಗೇಣುದ್ದ ಬಾಯಿಯನ್ನು ತಾವೇ ಹೊಲಿದು ಮುಚ್ಚಿದರು, ದಾರ ಗಂಟು ಹಾಕಿದರು, ಕೌದಿ ಕೊಡವಿ ಮಡಿಚಿಟ್ಟರು.

ಫಕ್ಕೀರೇಶ ಸುಧಾರಿಸಿಕೊಂಡ. ಹಟದ ಶಿಷ್ಯ. ಕೇಳಲು ಬಂದದ್ದನ್ನು ಕೇಳದೆ ಎದ್ದು ಹೋಗುವವನಲ್ಲ.

"ಆ ಸೂಜಿ ತಗೀತೇನ್ರಿ. ಇವತ್ತ ಹೋಗಿ ತಗೀತೇನಿ. ಆದ್ರ ನೀವು ಇನ್ನೂ ಹೇಳಿಲ್ಲ, ಅವ್ವಾರ. ಬಸ್ಸಿಗೆ ರೊಕ್ಕ ತಗೋಬೇಕೋ, ಪುಕ್ಕಟ ಬಿಡಬೇಕೋ?"

ಅವ್ವಾರು ಎದ್ದು, ಗೂಟಕ್ಕೆ ಹಾಕಿದ್ದ ಅವನ ಚೀಲ ತಂದು ಅವನ ಹೆಗಲಿಗೇರಿಸಿದರು.

"ಅದನ್ನ ಬರೂ ರವಿವಾರ ಮಾತಾಡೂಣು. ಮೊದಲ ಆ ಮನಷ್ಯಾನ ಮನೀಗೆ ಹೋಗಿ ಅವನ್ನ ಹೊಳಿಯಿಂದ ಮ್ಯಾಲೆ ಎತ್ತಪಾ."