ಕಳಚಿಟ್ಟ ಸೈಲೆನ್ಸರ್

ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಯುವ ಕಾರೊಂದಿತ್ತು. ಅದರ ಒಡೆಯ ಬೆಳ್ಳಿಯಪ್ಪ ಹಳೆಯ ಸೈಲೆನ್ಸರನ್ನು ಕಳಚಿಸಿ, ಅಬ್ಬರಿಸುವ ಹೊಸ ಪೈಪ್ ಹಾಕಿಸಿದ. ಹಳೆಯದು ಗ್ಯಾರೇಜಿನ ಮೂಲೆ ಸೇರಿತು. ಕೆಲವು ತಿಂಗಳ ಬಳಿಕ ಕಾರು ಆಯಿಲ್ ಬದಲಿಸಲು ಅಲ್ಲಿಗೆ ಬಂದಿತು.

"ಈಗ ಊರೆಲ್ಲ ನಿನ್ನತ್ತ ತಿರುಗಿ ನೋಡುತ್ತದಂತೆ. ಸುಖವಾಗಿದ್ದೀಯಾ?" ಎಂದು ಸೈಲೆನ್ಸರ್ ಕೇಳಿತು.

"ನೋಡುತ್ತದೆ. ಆದರೆ ನೀನಿದ್ದಾಗ ಘಟ್ಟ ಹತ್ತುವಾಗಲೂ ಒಡೆಯನ ಮಗಳು ಹಿಂದಿನ ಸೀಟಿನಲ್ಲಿ ಹಾಡುವುದು ನನಗೆ ಕೇಳುತ್ತಿತ್ತು. ಈಗ ಅವಳು ಹಾಡುವುದನ್ನೇ ಬಿಟ್ಟಿದ್ದಾಳೆ," ಎಂದಿತು ಕಾರು.

"ಹಾಗಾದರೆ ನನ್ನನ್ನು ಮರಳಿ ಜೋಡಿಸೆಂದು ಒಡೆಯನನ್ನು ಬೇಡಿಕೋ."

"ದಿನವೂ ಬೇಡುತ್ತೇನೆ. ಈ ಪೈಪಿನ ಸದ್ದಿನಲ್ಲಿ ಅವನಿಗೆ ಕೇಳಿಸುವುದಿಲ್ಲ."

ಅಷ್ಟರಲ್ಲಿ ಬೆಳ್ಳಿಯಪ್ಪ ಬಂದು ಕೀಲಿ ತಿರುಗಿಸಿದ. ಕಾರು ಗುಡುಗುತ್ತಾ ಹೊರಟಿತು. ಸೈಲೆನ್ಸರ್ "ಹೋಗಿ ಬಾ" ಎಂದದ್ದು ಅದಕ್ಕೂ ಕೇಳಿಸಲಿಲ್ಲ.