ಮರಿಸಿದ್ದ ಜೋಡಿ ಬದಲಾಯಿಸಿದ್ದು

"ಹೆಂಗಸು ಸ್ಪ್ಯಾನರ್ ಹಿಡಿದರೆ ಕಾರು ಓಡುತ್ತಾ?" ಅಂದಿದ್ದ ದ್ಯಾವಮ್ಮನ ಭಾವ. ಗಂಡ ಸತ್ತ ಮೇಲೂ ದ್ಯಾವಮ್ಮ ಗ್ಯಾರೇಜು ಮುಚ್ಚಲಿಲ್ಲ. ಅಕ್ಷರ ಕೂಡಿಸಿ ಕೂಡಿಸಿ ರಿಪೇರಿ ಪುಸ್ತಕ ಓದಿದಳು, ಎಲ್ಲ ಕಲಿತಳು. ಮಗ ಮರಿಸಿದ್ದನಿಗೆ ಬುದ್ಧಿ ಕಲಿಸುವುದೊಂದು ಬಿಟ್ಟು.

ಒಂದು ದಿನ ನಂಜರಾಜಯ್ಯನವರ ಹಳೇ ಕಾರು ಬಂತು. ತಂತಿಚಕ್ರದ್ದು. ಷಷ್ಟಿಪೂರ್ತಿಗೆ ಗಂಡಹೆಂಡಿರು ಅದರಲ್ಲೇ ಮೆರವಣಿಗೆ ಹೋಗಬೇಕು.

"ನಡುಬೀದೀಲಿ ಚಕ್ರ ಕಳಚಿದ್ರೆ ನಿನ್ನ ಗ್ಯಾರೇಜಿಗೆ ನಾಯಿಯೂ ಬರಲ್ಲ ನೋಡು!" ಅಂದರು ನಂಜರಾಜಯ್ಯ.

"ಮಗಾ, ಚಕ್ರ ಹಿಡಿದು ಅಲ್ಲಾಡಿಸು," ಅಂದಳು ದ್ಯಾವಮ್ಮ. "ಕಟಕಟ ಅಂದ್ರೆ ಅದು ಕೂರೋ ಹಬ್ ಸವೆದಿದೆ ಅಂತ. ಬಿಚ್ಚಿಬಿಡು!"

"ಆಗಲಿ ಕಣವ್ವ!"

ಚಕ್ರ ಅಲ್ಲಾಡಿಸಿದ. ಕಟಕಟ! ಬಿಚ್ಚಿದ. ಬಾಗಿಲು ಅಲ್ಲಾಡಿಸಿದ. ಕಟಕಟ! ಬಿಚ್ಚಿದ. ದೀಪ ಬಿಚ್ಚಿದ, ಸೀಟು ಬಿಚ್ಚಿದ, ಕಡೆಗೆ ಗ್ಯಾರೇಜಿನ ಗೇಟನ್ನೂ ಬಿಚ್ಚಿ ಮಲಗಿಸಿದ.

"ಅಯ್ಯೋ ನನ್ನ ಕರ್ಮವೇ! ಅಲ್ಲಾಡಿದ್ದನ್ನೆಲ್ಲ ಬಿಚ್ತಾರೇನೋ? ಮರದ ತುಂಡು ಇಟ್ಟು, ಸುತ್ತಿಗೇಲಿ ಬಡಿದು ಬಿಗಿ ಮಾಡ್ಬೇಕು!"

"ಆಗಲಿ ಕಣವ್ವ!"

ಬಿಚ್ಚಿದ್ದನ್ನೆಲ್ಲ ಮತ್ತೆ ಕೂರಿಸಿ, ಬಡಿದು ಬಿಗಿ ಮಾಡಿದ. ಮಾರನೇ ದಿನ ನಂಜರಾಜಯ್ಯ ಬಂದರು. ಕೆಲಸ ನೋಡಿ "ಭೇಷ್, ಭೇಷ್" ಅಂತ ತಲೆ ಅಲ್ಲಾಡಿಸಿದರು. ಮರಿಸಿದ್ದ ಅವರ ನೆತ್ತಿಯ ಮೇಲೆ ಮರದ ತುಂಡು ಇಟ್ಟ, ಸುತ್ತಿಗೆ ಎತ್ತಿದ!

"ಏಯ್! ಏಯ್!"

ದ್ಯಾವಮ್ಮ ಓಡಿಬಂದು ಕೈ ಹಿಡಿದಳು. "ಲೋ ಮಂಕೇ, ಮನುಷ್ಯರನ್ನ ಬಡೀತಾರೇನೋ? ಸವೆದದ್ದು ಕಂಡರೆ ಜೋಡೀನೇ ಬದಲಾಯಿಸ್ಬೇಕು! ಹಬ್ಬೂ ಹೊಸದು, ಚಕ್ರವೂ ಹೊಸದು. ಒಂದೇ ಹಾಕಿದ್ರೆ ಹಳೇದು ಹೊಸದನ್ನ ತಿಂದುಹಾಕುತ್ತೆ!"

"ಆಗಲಿ ಕಣವ್ವ!"

ಅವನನ್ನು ಆಚೆ ಕೂರಿಸಿ, ದ್ಯಾವಮ್ಮ ತಾನೇ ಹೊಸ ಹಬ್ ಕೂರಿಸಿದಳು, ಗ್ರೀಸು ಸವರಿದಳು, ಹೊಸ ಚಕ್ರ ಬಿಗಿದಳು.

ಮೆರವಣಿಗೆಯ ದಿನ ಬಂತು. ದಂಪತಿ ಹಾರ ಹಾಕಿಕೊಂಡು ಕಾರು ಹತ್ತಿದರು. ಹತ್ತುವಾಗ ನಂಜರಾಜಯ್ಯನವರ ಹೆಂಡತಿ ಚೆನ್ನಾಜಮ್ಮನವರ ಮಂಡಿ ಕಟಕಟ ಅಂತು. ಮರಿಸಿದ್ದನ ಕಿವಿ ನೆಟ್ಟಗಾಯಿತು.

"ಸ್ವಲ್ಪ ಇಳೀರಿ ಯಜಮಾನ್ರೇ, ಬದಲಾಯಿಸೋದಿದೆ."

ಚಕ್ರವೇನೋ ಅಂತ ಪಾಪ ಇಬ್ಬರೂ ಇಳಿದರು. ಮರಿಸಿದ್ದ ಡೋಲಿನವನನ್ನೂ ಹೂವಿನವಳನ್ನೂ ಎಳೆತಂದು ಸೀಟಿನಲ್ಲಿ ಕೂರಿಸಿದ. "ಹಳೇ ಜೋಡಿ ಸವೆದಿತ್ತು, ಹೊಸದು ಹಾಕಿದ್ದೀನಿ. ರೈಟ್!" ಅಂತ ಕೂಗಿದ. ಡ್ರೈವರು ಹಿಂದೆ ನೋಡದೆ ಹೊರಟೇಬಿಟ್ಟ. ಊರೆಲ್ಲ ಸುತ್ತಿದರೂ ಚಕ್ರ ಕಟ್ ಅನ್ನಲಿಲ್ಲ.

ಚೆನ್ನಾಜಮ್ಮ ಬಿದ್ದುಬಿದ್ದು ನಕ್ಕರು. "ಇವರನ್ನ ಬದಲಾಯಿಸಿ ಅಂತ ನಾನೂ ಎಷ್ಟು ದೇವರಿಗೆ ಹೇಳಿದ್ದೆ!"

ನಂಜರಾಜಯ್ಯ ನಗಲಿಲ್ಲ. "ಆ ಕಾರಿನ ಮುಖ ನೋಡಲ್ಲ ನಾನು! ನೀನೇ ಕೊಂಡ್ಕೋ!"

"ಕೊಂಡ್ಕೋತೀನಿ," ಅಂದಳು ದ್ಯಾವಮ್ಮ.

ಈಗ ಕಾರು ಅವಳದು. ಅದರ ಬೆಲೆಗೆ ಕೈಯ ಎರಡೂ ಚಿನ್ನದ ಬಳೆ ಹೋದವು. ಕೇಳಿದವರಿಗೆ, "ಕೆಲಸಕ್ಕೆ ಅಡ್ಡ ಬರ್ತಿದ್ವು ಬಿಡಿ" ಅನ್ನುತ್ತಾಳೆ.