ತುಂಗಮ್ಮನ ಮಗ ಮೇಜು ಮಾಡಿದ್ದು

೧೯೭೪ನೇ ಇಸವಿ, ಸೆಪ್ಟೆಂಬರ್ ಎಂಟು, ಭಾನುವಾರ. ನನ್ನ ಹಳೆಯ ದಿನಚರಿಯಲ್ಲಿ ಆವತ್ತು ಬರೆದಿರುವುದು ಇಷ್ಟೇ: "ವಿಶಾಲಮ್ಮನ ಮನೆಗೆ ಹೊಸ ಮೇಜು ಬಂತು. ಬೀದಿಯವರೆಲ್ಲ ಹೋಗಿ ನೋಡಿದೆವು. ತುಂಗಮ್ಮ ಬರಲಿಲ್ಲ."

ಬರಲಿಲ್ಲ ಅಂದರೆ ನೋಡಲಿಲ್ಲ ಅಂತಲ್ಲ. ಒಗೆದ ಬಟ್ಟೆ ಹರವುವ ನೆಪದಲ್ಲಿ ನಡುಗೋಡೆಯ ಮೇಲಿಂದ ಕತ್ತು ಚಾಚಿ, ನಮಗೆಲ್ಲರಿಗಿಂತ ಮೊದಲು ನೋಡಿದವಳೇ ಅವಳು.

ಕಡೂರಿನ ಪೇಟೆ ಬೀದಿಯಲ್ಲಿ ಒಂದೇ ಗೋಡೆಯ ಆಚೆಗೊಬ್ಬಳು ಈಚೆಗೊಬ್ಬಳು ಇದ್ದ ಓರಗಿತ್ತಿಯರು ಇವರು. ವಿಶಾಲಮ್ಮ ದೊಡ್ಡ ಸೊಸೆ, ತುಂಗಮ್ಮ ಚಿಕ್ಕ ಸೊಸೆ. ಮಾವನ ಜವಳಿ ಅಂಗಡಿ ಮುಚ್ಚಿದಾಗ ಅಲ್ಲಿದ್ದ ಮರವೆಲ್ಲ ಎರಡು ಪಾಲಾಯಿತು. ಸೀರೆ ಜೋಡಿಸುತ್ತಿದ್ದ ತೇಗದ ಹಲಗೆ, ರಾತ್ರಿ ಅಂಗಡಿ ಬಾಗಿಲಿಗೆ ಹಾಕುತ್ತಿದ್ದ ಹಲಸಿನ ಹಲಗೆ, ಗಲ್ಲಾ ಪೆಟ್ಟಿಗೆಯ ಬೀಟೆ. ತುಂಗಮ್ಮ ತನ್ನ ಪಾಲನ್ನು ಹಿತ್ತಲಲ್ಲಿ ಒಟ್ಟಿ ಮರೆತುಬಿಟ್ಟಳು. ವಿಶಾಲಮ್ಮ ಮರೆಯಲಿಲ್ಲ, ಆಚಾರಿಯನ್ನು ಕರೆಸಿ ಮೇಜು ಮಾಡಿಸಿದಳು. ಎಂಥ ಮೇಜು ಅಂತೀರಿ. ಮೇಲಿನ ಹಾಸನ್ನೆಲ್ಲ ಶಂಕರಪೋಳಿ ಕತ್ತರಿಸಿದ ಹಾಗೆ ಸಣ್ಣ ಸಣ್ಣ ತುಂಡು ಮಾಡಿ ಜೋಡಿಸಿದ್ದರು. ಕಂದು ತೇಗ, ಹಳದಿ ಹಲಸು, ಕಪ್ಪು ಬೀಟೆ. ದೂರದಿಂದ ನೋಡಿದರೆ ಡಬ್ಬಿಯ ಮೇಲೆ ಡಬ್ಬಿ ಪೇರಿಸಿಟ್ಟ ಹಾಗೆ ಕಾಣಬೇಕು, ಕೈಯಿಟ್ಟು ಸವರಿದರೆ ನುಣ್ಣಗೆ ಜಾರಬೇಕು.

ತುಂಗಮ್ಮನ ಹೊಟ್ಟೆಯೊಳಗೆ ಒಲೆ ಹೊತ್ತಿಕೊಂಡಿತು. ಆದರೂ ಹೇಗೋ ನುಂಗಿಕೊಳ್ಳುತ್ತಿದ್ದಳೋ ಏನೋ. ಅಷ್ಟರಲ್ಲಿ ಗೋಡೆಯಾಚೆ ವಿಶಾಲಮ್ಮನ ಜೊತೆ ನಿಂತಿದ್ದ ಅತ್ತೆ ಸುಬ್ಬಜ್ಜಿ ಬಾಯಿಬಿಟ್ಟಳು.

ಮನೆತನದ ಪಟ್ಟದ ಗೊಂಬೆಗಳು, ರಾಜ ರಾಣಿ, ಸುಬ್ಬಜ್ಜಿಯ ಪೆಟ್ಟಿಗೆಯಲ್ಲಿದ್ದವು. ನವರಾತ್ರಿಯಲ್ಲಿ ಅವು ಯಾರ ಮನೆಯಲ್ಲಿ ಕೂರುತ್ತವೋ ಆ ಮನೆಗೇ ಬೀದಿಯ ಮುತ್ತೈದೆಯರೆಲ್ಲ ಆರತಿಗೆ ಬರುವುದು. ಪಾಲಾದ ಮೇಲೆ ಅವು ತುಂಗಮ್ಮನ ಹೊಸ್ತಿಲು ದಾಟಿಯೇ ಇರಲಿಲ್ಲ.

"ಈ ಸಲವೂ ವಿಶಾಲಿ ಮನೇಲೇ ಕೂರಲಿ. ಅಂಥ ಮೇಜಿದೆ" ಅಂದಳು ಅಜ್ಜಿ.

"ನಮ್ಮನೇಲೂ ಮೇಜು ಆಗುತ್ತೆ ಅತ್ತೆ."

"ಆಗಲಮ್ಮ. ಅಂಥದ್ದೇ ಒಂದು ಆದ್ರೆ ಗೊಂಬೆ ನಿನ್ನ ಮನೆಗೇ ಬರ್ತವೆ."

"ಯಾರು ಮಾಡ್ತಾರೆ ತುಂಗ?" ವಿಶಾಲಮ್ಮ ನಗುತ್ತ ಕೇಳಿದಳು.

"ನನ್ನ ಮಗ ಮಾಡ್ತಾನೆ ಅಕ್ಕ."

ವಿಶಾಲಮ್ಮ ನಗುವುದನ್ನು ನಿಲ್ಲಿಸಲಿಲ್ಲ. ಯಾಕೆಂದರೆ ತುಂಗಮ್ಮನ ಮಗ ಶೇಷು.

ಶೇಷುವಿನ ಕೈ ಬಂಗಾರ. ಆಚಾರಿಯ ಹತ್ತಿರ ಇದ್ದು ಉಳಿ ಗರಗಸ ಎಲ್ಲ ಕಲಿತಿದ್ದ. ಆದರೆ ದೇವರು ಕೈ ಕೊಡುವುದರಲ್ಲೇ ಮೈಮರೆತು ತಲೆಗೆ ಏನೂ ಉಳಿಸಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದಕ್ಕೇ ಆಚಾರಿ ಕೈ ಮುಗಿದು ಮನೆಗೆ ಕಳಿಸಿದ್ದ.

ತುಂಗಮ್ಮ ಮಗನನ್ನು ಕೂರಿಸಿಕೊಂಡು ಹೇಳಿದಳು. "ನೋಡು ಶೇಷು, ಹಳೇ ಹಲಗೆ. ಒಳಗೆ ಮೊಳೆ ಇದ್ರೆ ಗರಗಸದ ಹಲ್ಲು ಮುರಿಯುತ್ತೆ. ಮೊದಲು ಮೊಳೆ ಕೀಳು. ಕಂಡ ಮೊಳೆ ಒಂದನ್ನೂ ಬಿಡಬೇಡ."

"ಸರಿ ಅಮ್ಮ."

ಕೂತು ಕಿತ್ತ. ಹಲಗೆಯ ಮೊಳೆ ಮುಗಿಯಿತು. ತಲೆಯೆತ್ತಿ ನೋಡಿದ. ಗೋಡೆಯಲ್ಲಿ ಮೊಳೆ. ಕಿತ್ತ. ಬಾಗಿಲಲ್ಲಿ ಮೊಳೆ. ಕಿತ್ತ. ಬಟ್ಟೆ ಹಗ್ಗದ ಮೊಳೆ. ಅದನ್ನೂ ಕಿತ್ತ. ಸಂತೆಗೆ ಹೋಗಿದ್ದ ತುಂಗಮ್ಮ ಬಂದು ನೋಡುತ್ತಾಳೆ: ಕ್ಯಾಲೆಂಡರು ನೆಲದ ಮೇಲೆ, ಕನ್ನಡಿ ನೆಲದ ಮೇಲೆ, ಮಡಿ ಸೀರೆ ಮಣ್ಣಿನಲ್ಲಿ. ತೀರಿಹೋದ ಮಾವ ಫೋಟೋದಲ್ಲಿ ಅಂಗಾತ ಮಲಗಿದ್ದಾರೆ. ಬಾಗಿಲು ಮುಟ್ಟಿದಳು, ಬಾಗಿಲು ಕೈಗೇ ಬಂತು.

"ಏನೋ ಇದು?"

"ನೀನು ಹೇಳಿದ ಹಾಗೇ ಮಾಡಿದೆನಲ್ಲಮ್ಮ. ಒಂದನ್ನೂ ಬಿಟ್ಟಿಲ್ಲ."

ತುಂಗಮ್ಮ ಹಣೆ ಚಚ್ಚಿಕೊಂಡಳು. "ಪೆದ್ದಪ್ಪ, ಅದು ಏನನ್ನ ಹಿಡ್ಕೊಂಡಿದೆ ಅಂತ ನೋಡಬಾರದೇನೋ? ಏನಾದ್ರೂ ಹಿಡ್ಕೊಂಡು ನಿಂತಿದ್ರೆ ಅದರ ತಂಟೆಗೆ ಹೋಗಬಾರದು. ಅದರ ಪಾಡಿಗೆ ಬಿಡಬೇಕು. ತಿಳೀತಾ?"

"ತಿಳೀತು ಅಮ್ಮ."

ಮಾರನೆಯ ದಿನ ಹಲಗೆ ಕಾಯುತ್ತ ಹಿತ್ತಲಲ್ಲಿ ಕೂತಿದ್ದ. ವಿಶಾಲಮ್ಮನ ಮನೆ ಕೆಲಸದ ಹನುಮಕ್ಕ ಬಚ್ಚಲ ಒಲೆಗೆ ಸೌದೆ ಹುಡುಕುತ್ತ ಬಂದಳು. ಮಾಸಿದ ಹಲಗೆ ನೋಡಿ ಮುರುಕಲು ಅಂದುಕೊಂಡಳು. ಒಂದು ಹೊರೆ ತಬ್ಬಿ ಹಿಡಿದುಕೊಂಡು ಹೊರಟಳು. ಶೇಷು ಸುಮ್ಮನೆ ನೋಡಿದ. ಸುಮ್ಮನೆ ನೋಡಿದ್ದಷ್ಟೇ ಅಲ್ಲ, ಅವಳ ಕೈ ತುಂಬಿದೆಯಲ್ಲ ಅಂತ ಹಿತ್ತಲ ಬಾಗಿಲನ್ನೂ ತೆಗೆದುಕೊಟ್ಟ.

ತುಂಗಮ್ಮನ ಬೀಟೆ ಹಲಗೆಯಲ್ಲಿ ಆವತ್ತು ವಿಶಾಲಮ್ಮನ ಮನೆಯವರಿಗೆಲ್ಲ ಅಭ್ಯಂಜನವಾಯಿತು.

"ತಡೀಬಾರದಾಗಿತ್ತೇನೋ ಅವಳನ್ನ?"

"ಹಿಡ್ಕೊಂಡು ನಿಂತಿದ್ಲು ಅಮ್ಮ. ನೀನು ಹೇಳಿದ ಹಾಗೇ ಮಾಡಿದೆ. ಅವಳ ಪಾಡಿಗೆ ಬಿಟ್ಟೆ."

ಬೀಟೆ ಹೋದದ್ದಕ್ಕಿಂತ ಆ ನೀರಿನಲ್ಲಿ ಓರಗಿತ್ತಿ ಮಿಂದಳಲ್ಲ ಅನ್ನುವುದೇ ತುಂಗಮ್ಮನಿಗೆ ಉರಿ. "ನಮ್ಮದು ಯಾವುದು ಅಂತ ಅವರಿಗೆ ಗೊತ್ತಾಗಬೇಕು ಕಣೋ. ಕೆಮ್ಮಣ್ಣು ಕಲಸು. ನಮ್ಮದಕ್ಕೆಲ್ಲ ದಪ್ಪಗೆ ಒಂದು ಪಟ್ಟೆ ಎಳಿ. ಒಂದೂ ಬಿಟ್ಟುಹೋಗಬಾರದು."

"ಸರಿ ಅಮ್ಮ."

ಹಲಗೆಗೆಲ್ಲ ಪಟ್ಟೆ ಎಳೆದ. ನಮ್ಮ ಒರಳು, ಒಂದು ಪಟ್ಟೆ. ನಮ್ಮ ಹಸು, ಒಂದು ಪಟ್ಟೆ. ಜಗಲಿಯ ಮೇಲೆ ಸುಬ್ಬಜ್ಜಿ ಬತ್ತಿ ಹೊಸೆಯುತ್ತಿದ್ದಳು. ನಮ್ಮ ಅಜ್ಜಿ. ಅವಳ ತೋಳಿಗೊಂದು. ಪಕ್ಕದಲ್ಲಿ ವಿಶಾಲಮ್ಮ ಹೊಸ ಹಸಿರು ರೇಷ್ಮೆ ಸೀರೆ ಉಟ್ಟು ಬೆನ್ನು ಹಾಕಿ ಕೂತಿದ್ದಳು. ಶೇಷು ಒಂದು ಗಳಿಗೆ ಯೋಚಿಸಿದ. ನಮ್ಮ ದೊಡ್ಡಮ್ಮ. ಹೆಗಲಿನಿಂದ ಸೊಂಟದವರೆಗೆ ಅಚ್ಚುಕಟ್ಟಾಗಿ ಎಳೆದ.

ಓರಗಿತ್ತಿ ಬಾಗಿಲಿಗೆ ಬಂದು ತಿರುಗಿ ಬೆನ್ನು ತೋರಿಸಿದಳು. "ನೋಡೇ ತುಂಗ, ನಿನ್ನ ಮಗ ನನ್ನನ್ನೂ ನಿನ್ನ ಪಾಲಿಗೆ ಸೇರಿಸಿದ. ಹಲಗೆ ಜೊತೆ ನನ್ನನ್ನೂ ಕುಯ್ದು ಮೇಜು ಮಾಡ್ತೀರೇನು?"

ತುಂಗಮ್ಮ ಪೆಟ್ಟಿಗೆ ತೆಗೆದಳು. ತನ್ನ ಮದುವೆಯ ಸೀರೆಯನ್ನು ಎತ್ತಿ ವಿಶಾಲಮ್ಮನ ಕೈಗಿಟ್ಟಳು. ಆ ಸೀರೆ ವಿಶಾಲಮ್ಮನಿಗೆ ತನಗಿಂತ ಚೆನ್ನಾಗಿ ಒಪ್ಪುತ್ತದೆ ಅನ್ನುವುದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಆಮೇಲೆ ಮಗನ ಕಡೆ ತಿರುಗಿದಳು. "ಅವರ ಮನೆಯದು ಏನೇ ಇರಲಿ, ಕಣ್ಣಲ್ಲಿ ನೋಡು, ಕೈಯಲ್ಲಿ ಮುಟ್ಟಬೇಡ. ಈಗ ಹೋಗಿ ಆ ಮೇಜನ್ನ ನೋಡ್ಕೊಂಡು ಬಾ. ಅದರಲ್ಲಿ ಏನೇನಿದೆಯೋ ಅಷ್ಟೂ ನಮ್ಮದರಲ್ಲಿ ಇರಬೇಕು. ಒಂದು ಗೆರೆ ಕಮ್ಮಿ ಆದ್ರೂ ನಾನು ಸುಮ್ಮನಿರಲ್ಲ."

"ಸರಿ ಅಮ್ಮ. ನೋಡ್ತೀನಿ, ಮುಟ್ಟಲ್ಲ."

ಹೋಗಿ ಕೈ ಕಟ್ಟಿಕೊಂಡು ನೋಡಿದ. ಕೂತು ನೋಡಿದ, ಬಗ್ಗಿ ನೋಡಿದ, ಅಡಿಯಲ್ಲಿ ತೂರಿ ನೋಡಿದ. ಬಂದು ಕೆಲಸಕ್ಕೆ ಕೂತ. ಈಗ ನೋಡಬೇಕಿತ್ತು ಅವನ ಕೈಯನ್ನು. ಹಲಗೆ ಕುಯ್ದ, ಕೀಸಿದ, ಸಣ್ಣ ತುಂಡುಗಳನ್ನು ಒಂದೇ ಅಳತೆಗೆ ತಂದ. ಉಳಿದಿದ್ದ ಚೂರು ಬೀಟೆಯಲ್ಲೇ ಕಪ್ಪನ್ನು ಹೊಂದಿಸಿದ. ಆಚಾರಿಗಳು ಮರ ಕೂಡಿಸುವ ವಜ್ರದ ಅಂಟು ಕುದಿಸಿ ಒಂದೊಂದನ್ನೇ ಅಂಟಿಸಿದ. ಉಪ್ಪುಕಾಗದ ಹಾಕಿ ಉಜ್ಜಿದ. ತೆಳ್ಳಗೆ ಅರಗಿನ ಪಾಲಿಶ್ ಎಳೆದ. ನಾನೇ ಹೋಗಿ ನೋಡಿದ್ದೇನೆ, ಅಂಗಡಿಯ ಆ ಹಳೆಯ ಹಲಗೆ ಅಂದರೆ ಯಾರೂ ನಂಬುತ್ತಿರಲಿಲ್ಲ.

ತುಂಗಮ್ಮ ಬಂದು ನೋಡಿದಳು. ಎದೆ ತುಂಬಿ ಬಂತು. ಹತ್ತಿರ ಹೋದಳು. ಮೇಜಿನ ನಡುವೆ ಲೋಟ ಇಟ್ಟ ಹಾಗೆ ಬಿಳಿಯ ಉಂಗುರ.

"ಇದೇನೋ?"

"ದೊಡ್ಡಪ್ಪ ಬಿಸಿ ಕಾಫಿ ಇಟ್ಟದ್ದು ಅಮ್ಮ. ಅಲ್ಲಿದೆ. ನಾನೂ ಬಿಸಿ ಲೋಟ ಇಟ್ಟೆ."

"ಈ ಸುಟ್ಟ ಕಲೆ?"

"ಇಸ್ತ್ರಿ ಪೆಟ್ಟಿಗೇದು. ಅಲ್ಲಿದೆ."

ಮೇಜು ಮುಟ್ಟಿದರೆ ಅಲ್ಲಾಡಿತು. ಒಂದು ಕಾಲು ಗಿಡ್ಡ, ಕೆಳಗೆ ಮಡಿಸಿದ ರಟ್ಟು. ಅದೂ ಅಲ್ಲಿತ್ತು. ಅಂಚಿನಲ್ಲಿ ಅಕ್ಷರ ಕಂಡಿತು. ತುಂಗಮ್ಮ ಕನ್ನಡಕ ಹಾಕಿಕೊಂಡು ಓದಿದಳು. ಮುತ್ತಿನಂಥ ಅಕ್ಷರದಲ್ಲಿ ಕೆತ್ತಿದ್ದ: "ಸೌಭಾಗ್ಯವತಿ ವಿಶಾಲಮ್ಮ."

"ನೀನು ಹೇಳಿದ ಹಾಗೇ ಮಾಡಿದೆನಲ್ಲಮ್ಮ. ಒಂದು ಗೆರೆ ಕಮ್ಮಿ ಇಲ್ಲ."

ತುಂಗಮ್ಮ ಕನ್ನಡಕ ಕಿತ್ತು ಪಕ್ಕಕ್ಕಿಟ್ಟಳು. "ನನ್ನ ಮನೆ ಒಳಗೇ ಬಂದು ಕೂತಳಲ್ಲೋ ಅವಳು. ಕಾಲು ಸರಿಮಾಡು, ಕಲೆ ಅಳಿಸು, ಮೊದಲು ಆ ಹೆಸರು ಉಜ್ಜಿ ತೆಗಿ. ನಮ್ಮನೇಲಿ ಎಲ್ಲೂ ಅವಳ ಹೆಸರು ಇರಕೂಡದು."

"ಎಲ್ಲೂ?"

"ಎಲ್ಲೂ."

ಮೇಜಿನ ಕಾಲು ಸರಿಹೋಯಿತು, ಕಲೆ ಹೋಯಿತು, ಹೆಸರು ಹೋಯಿತು. ಆಮೇಲೆ ಶೇಷು ಅರ ಹಿಡಿದು ಅಡುಗೆಮನೆಗೆ ಹೋದ. ತುಂಗಮ್ಮನನ್ನು ಈ ಮನೆ ತುಂಬಿಸಿಕೊಂಡಾಗ ಓರಗಿತ್ತಿ ಉಡುಗೊರೆ ಕೊಟ್ಟ ಹಿತ್ತಾಳೆ ಕೊಳಗದ ಮೇಲೆ ತನ್ನ ಹೆಸರು ಹಾಕಿಸಿದ್ದಳು. ಉಜ್ಜಿದ. ಹೆಸರು ಆಳವಾಗಿತ್ತು. ಇನ್ನೂ ಉಜ್ಜಿದ. ಹೆಸರೂ ಹೋಯಿತು, ಹೆಸರಿನ ಹಿಂದಿದ್ದ ಕೊಳಗವೂ ಹೋಯಿತು. ಸಂಜೆ ಹಾಲು ಹುಯ್ದರೆ ಹಾಲೆಲ್ಲ ಒಲೆಗೆ.

ತುಂಗಮ್ಮನಿಗೆ ಕೂಗಲೂ ಶಕ್ತಿ ಉಳಿದಿರಲಿಲ್ಲ. "ಶೇಷು, ಬಾ ಇಲ್ಲಿ. ನೀನು ಈಗ ಹೇಳಿದ್ದೊಂದನ್ನೇ ಹಿಡ್ಕೊಂಡು ಹೊರಡ್ತೀಯ, ಅದೇ ನಿನ್ನ ಕಷ್ಟ. ಇನ್ಮೇಲೆ ಏನೇ ಮಾಡೋ ಮೊದಲು, ಹಿಂದೆ ನಾನು ಏನೇನು ಹೇಳಿದ್ದೆ ಅಂತ ಎಲ್ಲ ನೆನಪು ಮಾಡ್ಕೊ. ಎಲ್ಲವನ್ನೂ ಕೂಡಿಸಿ ಯೋಚನೆ ಮಾಡು. ಆಮೇಲೆ ಕೈ ಹಾಕು."

"ಯೋಚನೆ ಮಾಡ್ತೀನಿ ಅಮ್ಮ."

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಸುಬ್ಬಜ್ಜಿ ಮೇಜು ನೋಡಲು ಬಂದಳು. ಹಿಂದೆಯೇ ವಿಶಾಲಮ್ಮ, ತುಂಗಮ್ಮನ ಮದುವೆ ಸೀರೆ ಉಟ್ಟುಕೊಂಡು. ಅಜ್ಜಿ ಕೈಯಲ್ಲಿ ಸವರಿದಳು, ಬಾಗಿ ನೋಡಿದಳು, ಮೊಮ್ಮಗನ ತಲೆ ನೇವರಿಸಿದಳು.

"ಅಂಥದ್ದೇ ಆಗಿದೆ ಕಣಮ್ಮ. ನಾಳೆ ಪಾಡ್ಯ. ಬೆಳಿಗ್ಗೆ ಗೊಂಬೆ ಹಿಡ್ಕೊಂಡು ಬರ್ತೀನಿ, ಇಲ್ಲೇ ಕೂರ್ತವೆ."

ಅಲ್ಲಿಗೆ ತುಂಗಮ್ಮ ಗೆದ್ದಿದ್ದಳು. ಆದರೆ ವಿಶಾಲಮ್ಮ ಹೊಸ್ತಿಲಲ್ಲಿ ನಿಂತು, ಸೆರಗು ಸರಿಮಾಡಿಕೊಳ್ಳುತ್ತ, "ಚೆನ್ನಾಗಿದೆ ತುಂಗ. ನನ್ನ ಮೇಜಿನ ನೆರಳು ನಿನ್ನ ಮನೇಲಿ ಬಿದ್ದ ಹಾಗಿದೆ" ಅಂದು ಹೋದಳು.

ನೆರಳು. ಆ ಒಂದು ಮಾತಿಗೆ ತುಂಗಮ್ಮನಿಗೆ ಊಟ ಸೇರಲಿಲ್ಲ. ಮೇಜಿನ ಸುತ್ತ ಸುತ್ತಿದಳು. ಬಂದವರೆಲ್ಲ ಏನು ಹೇಳುತ್ತಾರೆ? ಅಲ್ಲೂ ಇಂಥದ್ದೇ ಇದೆ ಅನ್ನುತ್ತಾರೆ. ಅವಳದ್ದೇ ಮೊದಲಿನದು ಅನ್ನುತ್ತಾರೆ. ಬೆಳಗಾಗೆದ್ದು ಸ್ನಾನ ಮಾಡಿದರೂ ಉರಿ ಆರಲಿಲ್ಲ. ಮುತ್ತೈದೆಯರನ್ನು ಆರತಿಗೆ ಕರೆಯಲು ಕುಂಕುಮದ ಭರಣಿ ಹಿಡಿದು ಹೊರಟವಳು ಮೇಜಿನ ಮುಂದೆ ನಿಂತು ಹಲ್ಲು ಕಡಿದಳು.

"ಇಂಥ ಮೇಜು ಈ ಊರಲ್ಲಿ ಒಂದೇ ಇರಬೇಕು. ಎರಡಿರಕೂಡದು."

ಮೂಲೆಯಲ್ಲಿ ಕೂತಿದ್ದ ಶೇಷು ತಲೆಯೆತ್ತಿದ. "ಒಂದೇನಾ ಅಮ್ಮ?"

"ಒಂದೇ."

ಹೋದಳು. ಮನೆ ಮನೆ ಹತ್ತಿದಳು. ನನ್ನ ಹಣೆಗೂ ಕುಂಕುಮ ಇಟ್ಟು, "ಗೊಂಬೆ ನಮ್ಮನೇಲಿ, ಮರೀಬೇಡಿ" ಅಂತ ಎರಡು ಸಲ ಹೇಳಿದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಾವು ನಾಲ್ಕೈದು ಜನ ಅವಳ ಜೊತೆಯಲ್ಲೇ ಹೊರಟೆವು.

ಬಾಗಿಲಲ್ಲಿ ಸುಬ್ಬಜ್ಜಿ ಗೊಂಬೆಗಳನ್ನು ಎದೆಗವಚಿಕೊಂಡು ನಿಂತಿದ್ದಳು. ಒಳಗೆ ಬಿಸಿನೀರಿನ ಹಬೆ. ಹಂಡೆ ಬರಿದಾಗಿತ್ತು, ನಡುಮನೆಯಲ್ಲಿ ನೀರು ಹರಿಯುತ್ತಿತ್ತು. ಮೇಜು ಇರಲಿಲ್ಲ. ಬಿಸಿನೀರು ಬಿದ್ದರೆ ವಜ್ರದ ಅಂಟು ಕರಗುತ್ತದೆ ಅನ್ನುವುದು ಕಲಿತವನಿಗೆ ಗೊತ್ತಲ್ಲ. ಒಂದು ತುಂಡೂ ಮುರಿಯದ ಹಾಗೆ ಬಿಡಿಸಿದ್ದ. ಕಂದು ಒಂದು ಗುಡ್ಡೆ, ಹಳದಿ ಒಂದು ಗುಡ್ಡೆ, ಕಪ್ಪು ಒಂದು ಗುಡ್ಡೆ. ನಾಲ್ಕು ಕಾಲು ಗೋಡೆಗೆ ಒರಗಿದ್ದವು.

"ಶೇಷು" ಅಂದಳು ತುಂಗಮ್ಮ.

ಅವನು ಬೆವರು ಒರೆಸಿಕೊಂಡು ಎದ್ದು ನಿಂತ. "ಎಲ್ಲ ನೆನಪು ಮಾಡ್ಕೊಂಡೇ ಮಾಡಿದೆ ಅಮ್ಮ. ಊರಲ್ಲಿ ಒಂದೇ ಇರಬೇಕು ಅಂದೆ. ಇದ್ದದ್ದು ಎರಡು. ಒಂದು ದೊಡ್ಡಮ್ಮಂದು. ಅವರ ಮನೆಯದು ಮುಟ್ಟಬೇಡ ಅಂದಿದ್ದೆ. ಇನ್ನು ಉಳಿದದ್ದು ನಮ್ಮದೇ ತಾನೆ? ತುಂಬ ಯೋಚನೆ ಮಾಡಿದೆ. ಈಗ ಒಂದೇ ಇದೆ ಅಮ್ಮ."

ಸುಬ್ಬಜ್ಜಿ ಮೂರು ಗುಡ್ಡೆ ನೋಡಿದಳು, ಸೊಸೆಯ ಮುಖ ನೋಡಿದಳು. ಮುಹೂರ್ತ ಮೀರುತ್ತದೆ ಅಂತ ಗೊಂಬೆ ಹಿಡಿದುಕೊಂಡು ನಿಧಾನವಾಗಿ ಪಕ್ಕದ ಮನೆಗೆ ನಡೆದಳು. ನಾವೂ ಅವಳ ಹಿಂದೆ ಹೋದೆವು. ಆರತಿ ಅಲ್ಲೇ ಆಯಿತು.

ತುಂಗಮ್ಮನಿಗೆ ಕೊನೆಗೆ ತಗುಲಿದ ಖರ್ಚು ಇದು: ಬೀಟೆ ಹಲಗೆ ಒಂದು ಹೊರೆ. ಮದುವೆಯ ಸೀರೆ ಒಂದು. ಹಿತ್ತಾಳೆ ಕೊಳಗ ಒಂದು, ಅದರಲ್ಲಿದ್ದ ಒಂದು ಹೊತ್ತಿನ ಹಾಲು. ವಜ್ರದ ಅಂಟು, ಅರಗು, ಉಪ್ಪುಕಾಗದ. ಬಿಸಿನೀರು ಒಂದು ಹಂಡೆ. ಒಂದು ನವರಾತ್ರಿ.